ಹಿಂದೆ ಸೀಟಿಲ್ಲದ ಕಾರು

ಲಕ್ಕಯ್ಯ ಜೀವಮಾನವೆಲ್ಲ ಗಾಡಿಗಳ ಹಿಂದುಗಡೆ ಕೂತವನು. ಕೂತವನು ಅನ್ನುವುದೂ ಪೂರ್ತಿ ಸರಿಯಲ್ಲ, ನಿಂತವನು. ಎಸ್ಟೇಟಿನ ಪಿಕಪ್ಪಿನಲ್ಲಿ ಗೊಬ್ಬರದ ಮೂಟೆಗಳ ನಡುವೆ ನಿಂತು, ಜೀಪಿನಲ್ಲಿ ಕಬ್ಬಿಣದ ಸರಳು ಹಿಡಿದು ನಿಂತು, ಬಾಳ್ಳುಪೇಟೆಗೆ ಹೋಗುವಾಗ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಓಲಾಡುತ್ತ ನಿಂತು ಅವನ ತಲೆ ನೆರೆಯಿತು. ಅದರಲ್ಲಿ ಅವನಿಗೆ ಬೇಜಾರೇನೂ ಇರಲಿಲ್ಲ. ಮುಂದಿನ ಸೀಟು ಗೌಡರದು. ಗೌಡರಿಲ್ಲದಾಗ ಲೆಕ್ಕ ಬರೆಯುವ ರೈಟರದು. ರೈಟರೂ ಇಲ್ಲದ ದಿನ ಅದು ಖಾಲಿ ಇರುತ್ತಿತ್ತೇ ಹೊರತು ಅಲ್ಲಿ ಹೋಗಿ ಕೂರಬೇಕು ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ. ಆನೇಮಹಲ್ ದಾಟಿದ ಮೇಲೆ ಹೆದ್ದಾರಿಗೆ ಅಂಟಿಕೊಂಡೇ ಸಿಗುವ ಆ ಎಸ್ಟೇಟಿನಲ್ಲಿ ಇದೆಲ್ಲ ಯಾರೂ ಹೇಳಿಕೊಡದೆ ಕಲಿಯುವ ವಿದ್ಯೆ.

ಅವನ ಕೆಲಸ ಪಲ್ಪರಿನದು. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ಬೇರೆ ಮಾಡುವ ಯಂತ್ರ ಅದು. ಅದರ ಹೊಟ್ಟೆಯೊಳಗೆ ಊಟದ ತಟ್ಟೆಗಿಂತ ದೊಡ್ಡ ಕಬ್ಬಿಣದ ಬಿಲ್ಲೆಗಳು ಗಿರಗಿರ ತಿರುಗುತ್ತವೆ. ಕೊಯ್ಲು ಮುಗಿದ ಮೇಲೆ ಆ ಬಿಲ್ಲೆಗಳನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಿಡಬೇಕು. ಹಚ್ಚದಿದ್ದರೆ ಇಲ್ಲಿಯ ಮಳೆಗಾಲ ಬಿಡುತ್ತದೆಯೇ? ಗೋಡೆಗೂ ಪಾಚಿ, ಚಪ್ಪಲಿಗೂ ಬೂಷ್ಟು, ಕಬ್ಬಿಣಕ್ಕಂತೂ ಒಂದೇ ವಾರದಲ್ಲಿ ಕೆಂಪು ತುಕ್ಕು. ಮುಂದಿನ ಕೊಯ್ಲಿನ ಮೊದಲ ಹಣ್ಣು ಬಿದ್ದೊಡನೆ ಎಣ್ಣೆ ತಾನಾಗಿ ತೊಳೆದು ಹೋಗುತ್ತದೆ. ಈ ಎಣ್ಣೆ ಹಚ್ಚುವ ಕೆಲಸದಲ್ಲಿ ಲಕ್ಕಯ್ಯನನ್ನು ಮೀರಿಸಿದವರಿರಲಿಲ್ಲ. ದನದ ಮೈ ತಿಕ್ಕುವ ಹಾಗೆ, ಮಾತಾಡಿಸಿಕೊಂಡು ಹಚ್ಚುತ್ತಿದ್ದ.

ಎಸ್ಟೇಟಿನ ಯಜಮಾನರು ದೇವೇಂದ್ರ. ಅವರ ಅಪ್ಪ ಕರಿಯಪ್ಪ ಗೌಡರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಲೈನ್ ಮನೆಗಳ ಕೂಲಿಯವರ ಬಾಯಲ್ಲಿ ದೇವೇಂದ್ರ ಇನ್ನೂ ಸಣ್ಣ ಗೌಡರೇ. ನಲವತ್ತು ದಾಟಿದರೂ ಮದುವೆಯಿಲ್ಲ. ಗೌಡರದೇನೂ ತಪ್ಪಿಲ್ಲ. ಕಾಡಾನೆ ಓಡಾಡುವ ತೋಟಕ್ಕೆ, ಕರೆಂಟು ಮೂರು ದಿನ ಹೋದರೆ ಯಾರೂ ಕೇಳದ ಊರಿಗೆ ಈಗ ಹೆಣ್ಣು ಕೊಡುವವರು ಯಾರು? ನೋಡಲು ಹೋದ ಕಡೆಯೆಲ್ಲ ಕಾಫಿ ಕುಡಿದು, ಕಾಫಿ ಚೆನ್ನಾಗಿದೆ ಅನ್ನಿಸಿಕೊಂಡು ಬಂದರು, ಅಷ್ಟೆ. ಕೊನೆಗೊಂದು ದಿನ ಬೆಂಗಳೂರಿಗೆ ಹೋಗಿ, ಯಾರೋ ಓಡಿಸಿ ಬಿಟ್ಟಿದ್ದ ಕೆಂಪು ಪೋರ್ಷೆ ಕಾರೊಂದನ್ನು ತಂದರು.

ಅವರ ತಾಯಿ ಸುಮಿತ್ರಮ್ಮ ಬಂಗಲೆಯಿಂದ ಇಳಿದು ಬಂದು ಅದನ್ನು ಸುತ್ತ ನೋಡಿದರು. ಆರತಿ ತಟ್ಟೆ ಕೈಯಲ್ಲೇ ಇತ್ತು.

"ಸೊಸೆ ತತ್ತಾನೆ ಅಂತ ನಾನ್ ಕಾಯ್ಕಂಡ್ ಕೂತಿದ್ರೆ ಇವ್ನು ಕಪ್ಪೆ ತಂದವ್ನೆ ನೋಡ್ರೇ" ಅಂದರು.

ಕಪ್ಪೆಯೇ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಿತ್ತು. ಬಂಗಲೆಗೆ ಹೋಗುವ ಮಣ್ಣಿನ ಏರನ್ನು ಅದು ಹತ್ತಲೇ ಇಲ್ಲ, ಮೊದಲನೇ ತಿರುವಿನಲ್ಲೇ ಕಲ್ಲಿಗೆ ತಳ ಕೆರೆದು ನಿಂತಿತು. ವಾಪಸ್ ಇಳಿಸಿ ಕೆಳಗಿನ ಸ್ಟೋರಿನಲ್ಲಿ, ಪಲ್ಪರಿನ ಪಕ್ಕದ ಜಾಗದಲ್ಲಿ ನಿಲ್ಲಿಸಿದರು. ಅದು ಲಕ್ಕಯ್ಯ ಗೋಣಿಚೀಲ ಒಟ್ಟುತ್ತಿದ್ದ ಜಾಗ. ಹಾಗಾಗಿ ಕಾರಿನ ಮೇಲೆ ಅವನಿಗೆ ಮೊದಲ ದಿನದಿಂದಲೇ ಸಿಟ್ಟು. ಗೌಡರು ಮುಂದಿನ ಬಾನೆಟ್ ಎತ್ತಿ ತೋರಿಸಿದಾಗ ಅಲ್ಲಿ ಇಂಜಿನ್ನೇ ಇರಲಿಲ್ಲ, ಖಾಲಿ ಡಬ್ಬಿ.

"ಗೌಡ್ರೇ, ಮೋಸ ಆಗ್ಬುಟ್ಟೈತೆ. ಇಂಜಿನ್ ಬಿಚ್ಕಂಡು ಬರೀ ತಗಡು ಕೊಟ್ಟವ್ರೆ ನಿಮ್ಗೆ" ಅಂದ ಲಕ್ಕಯ್ಯ, ನಿಜವಾಗಿ ಗಾಬರಿಯಾಗಿ.

ಗೌಡರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಂಜಿನ್ ಬೆನ್ನ ಹಿಂದೆ ಇರುತ್ತದೆ ಅಂತ ಹೇಳಿದರು. ಲಕ್ಕಯ್ಯ ತಲೆಯಾಡಿಸಿದ. ಆದರೆ ಮುಂದೆ ಇರಬೇಕಾದದ್ದನ್ನು ಹಿಂದೆ ಇಟ್ಟುಕೊಂಡ ಆ ಕಾರನ್ನು ಅವನು ನಂಬಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಇರಲಿ ಅಂದುಕೊಂಡ.

ಆ ವರ್ಷ ಕೊಯ್ಲಿನ ನಡುವೆ ಪಲ್ಪರಿನ ಬೆಲ್ಟಿಗೆ ಅವನ ಎಡಗೈ ಸಿಕ್ಕಿಕೊಂಡಿತು. ಎರಡು ಬೆರಳಿನ ತುದಿ ಸಿಗಿದು ಹೋಯಿತು. ಪಿಕಪ್ಪು ಆಲೂರಿಗೆ ಹೋಗಿತ್ತು, ಜೀಪು ಮೇಲೆ ಬಂಗಲೆಯಲ್ಲಿ. ಸ್ಟೋರಿನ ಅಂಗಳದಲ್ಲಿ ಒಣಗುತ್ತಿದ್ದ ಬೀಜ ನೋಡುತ್ತಿದ್ದ ಸಣ್ಣ ಗೌಡರು ಓಡಿ ಬಂದು, ಟವೆಲ್ಲಿನಲ್ಲಿ ಅವನ ಕೈ ಸುತ್ತಿ, ಕಾರನ್ನೇ ಹೊರಗೆ ತಂದು ನಿಲ್ಲಿಸಿ, ಹತ್ತು ಅಂದರು.

ಲಕ್ಕಯ್ಯ ಕಾರಿನ ಹಿಂದೆ ಹೋದ. ಎಲ್ಲಿ ಹತ್ತುವುದು? ಬಲಗಡೆಯಿಂದ ಎಡಕ್ಕೆ ಬಂದ, ಎಡಗಡೆಯಿಂದ ಬಲಕ್ಕೆ ಬಂದ. ರಕ್ತ ಮೊಣಕೈವರೆಗೆ ಇಳಿಯುತ್ತಿತ್ತು. ಹತ್ತುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಹಿಡಿಯುವುದಕ್ಕೆ ಸರಳೂ ಇರಲಿಲ್ಲ.

"ಅದೇನ್ ಹುಡುಕ್ತಿದ್ದೀಯೋ ಮಾರಾಯ!"

"ಹಿಂದ್ಗಡೆ ಸೀಟು ಗೌಡ್ರೇ..."

"ಹಿಂದೆ ಎಲ್ಲೈತೋ ಸೀಟು? ಇರೋದೇ ಎರ್ಡು. ಒಂದು ನಂದು, ಒಂದು ನಿಂದು. ಬಾ, ಮುಂದೆ ಕೂತ್ಕೊ" ಅಂತ ಗೌಡರು ಇಳಿದು ಬಂದು ಬಾಗಿಲು ತೆಗೆದರು. ಬಗ್ಗಿ ಕೂರಲು ಬಾರದೆ ಒದ್ದಾಡುತ್ತಿದ್ದವನ ತಲೆ ಬಡಿಯದಂತೆ ಕೈ ಅಡ್ಡ ಹಿಡಿದರು. ಬೆಲ್ಟನ್ನೂ ಅವರೇ ಹಾಕಿದರು.

ನಾಲ್ಕು ದಶಕ ಅವರ ಮನೆಯ ಅನ್ನ ತಿಂದಿದ್ದ ಲಕ್ಕಯ್ಯನಿಗೆ ಯಾರಾದರೂ ಕಾರಿನ ಬಾಗಿಲು ತೆಗೆದದ್ದು ಅದೇ ಮೊದಲು. ಸಕಲೇಶಪುರದ ಆಸ್ಪತ್ರೆ ಬರುವತನಕ ಅವನು ಗಾಯದ ಕೈಯನ್ನು ಮೇಲೆತ್ತಿ ಹಿಡಿದುಕೊಂಡೇ ಇದ್ದ, ಸೀಟಿಗೆ ರಕ್ತ ತಾಗೀತು ಅಂತ. ಅವನ ನೋವು ಮರೆಸಲಿಕ್ಕೋ ಏನೋ, ಗೌಡರು ಮಾತಾಡುತ್ತ ಹೋದರು.

"ನಾನ್ ಸಣ್ಣೋನಿದ್ದಾಗ ಕಣೋ, ಮಾರನಹಳ್ಳೀಲಿ ಟೀ ಅಂಗಡಿ ಮುಂದೆ ಇಂಥದ್ದೇ ಒಂದು ನಿಂತಿತ್ತು. ಹಸ್ರು ಬಣ್ಣ. ಯಾರೋ ಫಾರಿನ್ ಮುದ್ಕ, ಹೆಂಡ್ತಿ ಜೊತೆ ಊರೂರು ಸುತ್ಕಂಡು ಬಂದಿದ್ದ. ಅಪ್ಪ ಟೀ ಕುಡೀತಿದ್ರು, ನಾನು ಜೀಪಿಂದ ಇಳ್ದು ಹೋಗಿ ಅದ್ರ ಮೂತಿ ಮೇಲಿದ್ದ ಕುದುರೆ ಮುಟ್ದೆ. ಬೈತಾನೆ ಅನ್ಕಂಡೆ. ಬೈಲಿಲ್ಲ. ಬಾಗ್ಲು ತೆಗ್ದು ನನ್ನ ಸ್ಟೇರಿಂಗ್ ಮುಂದೆ ಕೂರ್ಸ್ಬುಟ್ಟ. ಅಪ್ಪ ನಮ್ ಜೀಪಿನ ಸ್ಟೇರಿಂಗ್ ಹತ್ರ ಒಂದಿನಾನೂ ನನ್ನ ಬುಟ್ಟೋರಲ್ಲ. ಅವತ್ತೇ ಆಗ್ಬುಡ್ತು ನಂಗೆ ಇದ್ರ ಹುಚ್ಚು."

ಪೋರ್ಷೆಯಂಥ ಕಾರಿನ ಮೇಲೆ ಜನಕ್ಕೆ ಪ್ರೀತಿ ಹುಟ್ಟುವುದು ಅದರ ಓಟದಿಂದ, ಶಬ್ದದಿಂದ ಅಂತ ತಿಳಿದವರು ಹೇಳುತ್ತಾರೆ. ಹೇಳಲಿ. ಗೌಡರಿಗೂ ಲಕ್ಕಯ್ಯನಿಗೂ ಅದು ಹುಟ್ಟಿದ್ದು ಯಾರೋ ಬಾಗಿಲು ತೆಗೆದು ಕೂರಿಸಿದ್ದರಿಂದ. ಆಸ್ಪತ್ರೆಯ ಮುಂದೆ ಇಳಿಯುವಾಗ ಲಕ್ಕಯ್ಯ ಬಗ್ಗಿ ಆ ಗುರುತನ್ನು ಸರಿಯಾಗಿ ನೋಡಿದ. ನಡುವೆ ಮುಂಗಾಲೆತ್ತಿದ ಕುದುರೆ, ಪಕ್ಕದಲ್ಲಿ ಕೆಂಪು ಕಪ್ಪು ಪಟ್ಟೆ, ಜಿಂಕೆಯ ಕೊಂಬು. ಅದರ ಹೆಸರನ್ನು ಇನ್ನೊಂದು ಸಲ ಹೇಳಿಸಿಕೊಂಡ. ಬೆರಳಿಗೆ ಹೊಲಿಗೆ ಹಾಕುವಾಗ ಮನಸ್ಸಿನಲ್ಲೇ ಹೇಳಿಕೊಂಡ.

ಅಲ್ಲಿಂದ ಮುಂದೆ ಕೇಳಬೇಕೆ? ಗೌಡರಿಗೂ ಒಬ್ಬ ಜೊತೆಗಾರ ಬೇಕಿತ್ತು. ಕೆಲಸವಿಲ್ಲದ ದಿನ ಬೆಳಗ್ಗೆ ಬಿಸಿಲೇರುವ ಮುಂಚೆ, "ನಡಿಯೋ ಲಕ್ಕಯ್ಯ, ಒಂದು ಟೀ ಕುಡ್ಕಂಡ್ ಬರಾಣ" ಅಂತ ಬರುವರು. ಮಾರನಹಳ್ಳಿಯ ಟೀ ಅಂಗಡಿಯವನು ಇಬ್ಬರಿಗೂ ಒಂದೇ ಥರದ ಲೋಟದಲ್ಲಿ ಟೀ ತಂದು, ಒಂದನ್ನು ಆ ಕಿಟಕಿಯಲ್ಲಿ, ಇನ್ನೊಂದನ್ನು ಈ ಕಿಟಕಿಯಲ್ಲಿ ಕೊಡುವನು. ಕಾರಿನ ಒಳಗೆ ಗೌಡರು ತಮ್ಮ ಮದುವೆಯಾಗದ ಸಂಕಟ ಹೇಳಿಕೊಳ್ಳುವರು, ಅಮ್ಮನ ಹಟ ಹೇಳಿಕೊಳ್ಳುವರು. ಲಕ್ಕಯ್ಯ ತನ್ನ ಮಗಳು ಶೀಲಾಳನ್ನು ಕೊಟ್ಟ ಮನೆಯ ಕಷ್ಟ ಹೇಳಿಕೊಳ್ಳುವನು. ಇಳಿದ ಮೇಲೆ ಅವರು ಗೌಡರು, ಇವನು ಲಕ್ಕಯ್ಯ. ಒಳಗಿದ್ದಷ್ಟು ಹೊತ್ತು ಇಬ್ಬರು ಗಂಡಸರು. ಲಕ್ಕಯ್ಯನಿಗೆ ಜೀವನದಲ್ಲಿ ಕಳೆದುಕೊಳ್ಳಬಾರದು ಅನ್ನುವಂಥ ಒಂದು ವಸ್ತು ಮೊದಲ ಸಲ ಸಿಕ್ಕಿತ್ತು, ಅದು ಆ ಜಾಗ.

ಹೊಸದಾಗಿ ಪಕ್ಷ ಸೇರಿದವನ ಹಾಗಾಯಿತು ಅವನ ನಡತೆ. ಭಾನುವಾರ ಬೆಂಗಳೂರಿನ ಶೋಕಿಲಾಲರ ಕಾರುಗಳು ಸಾಲಾಗಿ ಘಾಟಿಯ ಕಡೆ ಹೋಗುವಾಗ ಹೆದ್ದಾರಿಯಲ್ಲಿ ನಿಂತು ನೋಡುವನು. ಕುದುರೆ ಗುರುತು ಕಂಡರೆ "ಅದು ನಮ್ದು" ಅನ್ನುವನು. ಬೇರೆ ಗುರುತಿನ ಕಾರು ಎಷ್ಟೇ ಚೆಂದವಿರಲಿ, ಎದುರು ಪಾರ್ಟಿಯವರು ಅನ್ನುವಂತೆ ಮುಖ ತಿರುಗಿಸಿ ಎಲೆಅಡಿಕೆ ಉಗಿಯುವನು.

"ನಂಗೇ ಒಬ್ಳು ಸವತಿ ತಂದಿಟ್ಟಂಗಾಯ್ತು. ನಂಗ್ ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ದೋನಲ್ಲ, ಅದ್ರ ಮೈ ದಿನಾ ಒರುಸ್ತಾನೆ" ಅಂತ ಅವನ ಹೆಂಡತಿ ಚೌಡಮ್ಮ ಲೈನಿನವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಸ್ಟೋರಿನ ಬಾಗಿಲಿನಿಂದ ಹೆದ್ದಾರಿಯ ಗೇಟಿನವರೆಗೆ ಒಂದು ಇಳಿಜಾರು. ಗೇಟಿನ ಎಡಕ್ಕೆ ಪಲ್ಪರಿನಿಂದ ಬಂದ ಕಾಫಿ ಸಿಪ್ಪೆಯನ್ನು ಗೊಬ್ಬರಕ್ಕೆಂದು ಗುಡ್ಡೆ ಹಾಕಿರುತ್ತಿದ್ದರು. ಗೌಡರು ಕಾರು ಸ್ಟಾರ್ಟ್ ಮಾಡುವಾಗ ಲಕ್ಕಯ್ಯ ಮುಂದಾಗಿ ಓಡಿ, ಆ ಗುಡ್ಡೆಯ ಮುಂದೆ ನಿಂತು, ಟವೆಲ್ ಬೀಸಿ ರಸ್ತೆಯ ಗಾಡಿಗಳನ್ನು ತಡೆಯುವನು. ಕಾರು ಮೆಲ್ಲಗೆ ಇಳಿದು ಬಂದು ಗೇಟಿನಲ್ಲಿ ನಿಂತು ಅವನನ್ನು ಹತ್ತಿಸಿಕೊಳ್ಳುವುದು. ಅದೊಂದು ಪದ್ಧತಿಯೇ ಆಗಿಹೋಗಿತ್ತು.

ಮಳೆಗಾಲ ಬಂತು. ಆ ಸಲದ ಆಷಾಢದಲ್ಲಿ ಆಕಾಶ ಹರಿದು ಬಿದ್ದ ಹಾಗೆ ಹೊಯ್ಯಿತು. ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿ, ಕಾರನ್ನು ಹೊರಗೆ ತೆಗೆಯುವ ಮಾತೇ ಇರಲಿಲ್ಲ. ಗೌಡರು ಅದಕ್ಕೊಂದು ಹೊದಿಕೆ ಹಾಕಿ, ಬ್ಯಾಟರಿ ಬಿಚ್ಚಿಟ್ಟು, "ನೋಡ್ಕಂಡಿರು ಕಣೋ" ಅಂತ ಲಕ್ಕಯ್ಯನಿಗೆ ಒಪ್ಪಿಸಿ ಹೋದರು.

ನೋಡಿಕೊಂಡ. ಇಲಿ ಬಾರದ ಹಾಗೆ ನೋಡಿಕೊಂಡ, ಸೋರುವ ಹೆಂಚಿನ ಕೆಳಗೆ ಬಕೆಟ್ ಇಟ್ಟು ನೋಡಿಕೊಂಡ. ಒಂದು ದಿನ ಹೊದಿಕೆ ಎತ್ತಿ ಒರೆಸುತ್ತಿದ್ದಾಗ ಚಕ್ರದ ಕಡ್ಡಿಗಳ ಸಂದಿಯಲ್ಲಿ ಅವನ ಕಣ್ಣಿಗೆ ಅದು ಬಿತ್ತು. ಒಳಗೆ ದುಂಡನೆಯ ಕಬ್ಬಿಣದ ಬಿಲ್ಲೆ. ಅವನ ಪಲ್ಪರಿನ ಬಿಲ್ಲೆಯ ಹಾಗೇ. ಅದರ ಮೈತುಂಬ ಕೆಂಪಗೆ ತುಕ್ಕು.

ನಾಲ್ಕೂ ಚಕ್ರ ನೋಡಿದ, ನಾಲ್ಕರಲ್ಲೂ ಹಾಗೇ. ಜೀಪಿನ, ಪಿಕಪ್ಪಿನ ಚಕ್ರದೊಳಗೆ ಅಂಥದ್ದನ್ನು ಅವನು ಕಂಡಿರಲಿಲ್ಲ, ಅಲ್ಲೆಲ್ಲ ಮುಚ್ಚಿದ ಡಬ್ಬಿ. ಇದು ಚಕ್ರ ತಿರುಗಿಸುವ ಯಂತ್ರದ ಭಾಗವೆಂದೇ ಅವನು ತಿಳಿದ. ಇಷ್ಟು ದಿನ ಬುದ್ಧಿಯಿಲ್ಲದೆ ಬರೀ ಮೈ ಒರೆಸಿದೆನಲ್ಲ, ಒಳಗೆ ಹೀಗೆ ತಿಂದು ಹಾಕುತ್ತಿದೆಯಲ್ಲ ಅಂತ ತನ್ನನ್ನೇ ಬೈದುಕೊಂಡ. ಪಲ್ಪರಿನ ಎಣ್ಣೆ ಡಬ್ಬಿ ತಂದ. ಹಳೆ ಬನಿಯನ್ ಹರಿದು ಕಡ್ಡಿಗೆ ಸುತ್ತಿ, ನೆಲಕ್ಕೆ ಮಲಗಿ, ಕೈ ತೂರಿಸಿ, ತುಕ್ಕು ಉಜ್ಜಿ, ಬಿಲ್ಲೆಗಳ ಒಳಮೈ ಹೊರಮೈಗೆಲ್ಲ ದಟ್ಟವಾಗಿ ಎಣ್ಣೆ ಹಚ್ಚಿದ. ಬಿಲ್ಲೆಯನ್ನು ಕಚ್ಚಿಕೊಂಡಿದ್ದ ಕಪ್ಪು ತುಂಡುಗಳ ಸಂದಿಗೂ ಇಳಿಬಿಟ್ಟ, ನೀರು ನಿಲ್ಲದಿರಲಿ ಅಂತ. ಮಳೆಗಾಲ ಮುಗಿಯುವತನಕ ವಾರಕ್ಕೊಮ್ಮೆ ಈ ಸೇವೆ ತಪ್ಪಿಸಲಿಲ್ಲ. ಗೌಡರಿಗೆ ಹೇಳಲೂ ಇಲ್ಲ. ಯಾರೂ ಹೇಳದೆ ತಾನಾಗಿ ಮಾಡಿದ ಕೆಲಸ, ಅದಕ್ಕೇ ಅವನಿಗೆ ಅಷ್ಟೊಂದು ಖುಷಿ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅಂತ ಗಾದೆ ಹೇಳಿ ನಗುತ್ತೇವೆ. ಇಲ್ಲಿ ಆದದ್ದಕ್ಕೆ ನಗುವುದಕ್ಕಾಗುವುದಿಲ್ಲ.

ಗೌರಿ ಹಬ್ಬ ಕಳೆದು ಒಂದು ಬೆಳಗ್ಗೆ ಎಳೆಬಿಸಿಲು ಬಿತ್ತು. ಗೌಡರು ಹೊಸ ಶರ್ಟು ಹಾಕಿಕೊಂಡು ಸ್ಟೋರಿಗೆ ಬಂದರು. ಬ್ಯಾಟರಿ ಕೂರಿಸಿದರು. ಇಂಜಿನ್ ಎರಡು ಸಲ ಕೆಮ್ಮಿ ಗುರ್ ಅಂದಾಗ ಇಬ್ಬರ ಮುಖವೂ ಅರಳಿತು.

"ಏನ್ ಲಕ್ಕಯ್ಯ, ಮದ್ವೆ ಗಂಡ್ ಇದ್ದಂಗೆ ಐತಲ್ಲೋ!"

"ನೋಡ್ಕಂಡಿವ್ನಿ ಗೌಡ್ರೇ" ಅಂದ ಲಕ್ಕಯ್ಯ. ಅದಕ್ಕಿಂತ ಹೆಚ್ಚು ಹೇಳಿದರೆ ಜಂಬವಾದೀತು ಅಂತ ಸುಮ್ಮನಾದ.

"ಗೇಟ್ ಹತ್ರ ಹೋಗು. ಟೀ ಕುಡಿದು ಎಷ್ಟ್ ತಿಂಗ್ಳಾಯ್ತು."

ಲಕ್ಕಯ್ಯ ಓಡಿದ. ಸಿಪ್ಪೆ ಗುಡ್ಡೆಯ ಮುಂದೆ ನಿಂತು ಸಕಲೇಶಪುರದ ಕಡೆಯಿಂದ ಬರುತ್ತಿದ್ದ ಬಸ್ಸಿಗೆ ಟವೆಲ್ ಬೀಸಿದ. ಬಸ್ಸು ನಿಂತಿತು. ತಿರುಗಿ ಇಳಿಜಾರನ್ನು ನೋಡಿದ. ಕೆಂಪು ಕಾರು ಇಳಿದು ಬರುತ್ತಿತ್ತು, ಮಾಮೂಲಿಗಿಂತ ಜೋರಾಗಿ. ಗೌಡರಿಗೂ ಖುಷಿ ತಡೆಯಲಾಗುತ್ತಿಲ್ಲ ಅಂದುಕೊಂಡು ನಕ್ಕ. ಗಾಜಿನ ಹಿಂದೆ ಗೌಡರ ಮುಖ ಕಂಡಿತು. ಅವರು ಇವನನ್ನೇ ನೋಡುತ್ತಿದ್ದರು, ಬಾಯಿ ತೆರೆದಿತ್ತು. ಕಾರು ಗೇಟಿನಲ್ಲಿ ನಿಲ್ಲಲಿಲ್ಲ. ಅವನ ಪಕ್ಕದಲ್ಲೇ ಹಾದು ನೆಟ್ಟಗೆ ಹೆದ್ದಾರಿಗೆ ನುಗ್ಗಿತು. ಮಾರನಹಳ್ಳಿಯ ಕಡೆಯಿಂದ ತಿರುವು ದಾಟಿ ಬಂದ ಲಾರಿ ಅದರ ಬಲಮಗ್ಗುಲಿಗೆ ಬಡಿಯಿತು.

ಸಣ್ಣ ಗೌಡರು ಸಾಯಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ಬಂದರು. ಬರುವಾಗ ಸೊಂಟದ ಕೆಳಗೆ ಏನೂ ಇರಲಿಲ್ಲ. ಅಂದರೆ ಕಾಲುಗಳಿದ್ದವು, ಅವರಿಗೆ ಅವು ಇರಲಿಲ್ಲ. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ, ಬಿಸಿನೀರು ಹೊಯ್ದರೂ ಗೊತ್ತಾಗುತ್ತಿರಲಿಲ್ಲ. ಮೊದಮೊದಲು ಬೆಂಗಳೂರು, ಹಾಸನದಿಂದ ನೆಂಟರಿಷ್ಟರು ಬಂದರು, ಹಣ್ಣು ತಂದರು, ಹೋದರು. ಆಮೇಲೆ ಉಳಿದವರು ಸುಮಿತ್ರಮ್ಮ ಮತ್ತು ಲಕ್ಕಯ್ಯ. ಎತ್ತಿ ಕೂರಿಸುವುದು, ಮೈ ಒರೆಸುವುದು, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಎಲ್ಲ ಲಕ್ಕಯ್ಯನೇ. ಯಾರೂ ಹೇಳಲಿಲ್ಲ, ಅವನೇ ಬಂದು ನಿಂತ. ಕಾರಿನೊಳಗೆ ಸಿಕ್ಕ ಜಾಗ ಕಾರು ಹೋದ ಮೇಲೂ ಉಳಿದಿದೆ ಅಂತ ಆ ಕಷ್ಟದಲ್ಲೂ ಅವನಿಗೆ ಒಂದು ಸಮಾಧಾನವಿತ್ತು. ಪಾಪ.

ನಜ್ಜುಗುಜ್ಜಾದ ಕಾರನ್ನು ಎಳೆದು ತಂದು ಮತ್ತೆ ಸ್ಟೋರಿನಲ್ಲೇ ಹಾಕಿದ್ದರು. ಅದನ್ನು ನೋಡಲು ಗುರು ಅನ್ನುವ ಮೆಕ್ಯಾನಿಕ್ ಹಾಸನದಿಂದ ಬಂದ. ಕೆಳಗೆ ಅರ್ಧ ದಿನ ಬಿಚ್ಚಿ ನೋಡಿ, ಕೈ ಒರೆಸಿಕೊಂಡು ಬಂಗಲೆಯ ಜಗಲಿಗೆ ಹತ್ತಿ ಬಂದ. ಗೌಡರು ಮಂಚದ ಮೇಲೆ ಒರಗಿದ್ದರು. ಸುಮಿತ್ರಮ್ಮ ಪಕ್ಕದಲ್ಲಿ. ಲಕ್ಕಯ್ಯ ಬಿಸಿನೀರಿನ ಪಾತ್ರೆ ಹಿಡಿದುಕೊಂಡು ಆಗತಾನೆ ಬಂದಿದ್ದ.

"ಸಾರ್, ಬ್ರೇಕ್ ಹಿಡೀದೆ ಇದ್ದಿದ್ದು ಯಾಕೆ ಅಂತ ಸಿಕ್ತು. ಚಕ್ರದೊಳಗಿನ ಬಿಲ್ಲೆಗೆಲ್ಲ ಯಾರೋ ಎಣ್ಣೆ ಹಚ್ಚವ್ರೆ. ಬಿಲ್ಲೆ ಕಚ್ಚಿ ಚಕ್ರ ನಿಲ್ಸೋ ಪ್ಯಾಡೆಲ್ಲ ಎಣ್ಣೆ ಕುಡ್ದು ಮೆತ್ತಗಾಗವೆ."

"ಯಾವ ಹಾಳಾದೋನು ಹಚ್ದೋನು?" ಸುಮಿತ್ರಮ್ಮ ಎದ್ದೇಬಿಟ್ಟರು. "ನನ್ ಮಗನ್ನ ಕೊಲ್ಲಕೆ ಅಂತ್ಲೇ ಮಾಡವ್ರೆ."

ಬ್ರೇಕು ಅನ್ನುವ ಮಾತು ಲಕ್ಕಯ್ಯನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಎಣ್ಣೆ ಅಂದದ್ದಷ್ಟೇ ಹೋಯಿತು. ಕೊನೆಗೂ ಯಾರೋ ಒಬ್ಬರು ತನ್ನ ಕೆಲಸ ನೋಡಿದರು ಅನ್ನಿಸಿತು.

"ಯಾರೂ ಅಲ್ಲ ಅಮ್ಮೋರೆ, ನಾನೇ ಹಚ್ಚಿದ್ದು" ಅಂದ ಮುಂದೆ ಬಂದು. "ಮಳೇಗೆ ಬಿಲ್ಲೆ ಎಲ್ಲ ತುಕ್ಕು ಹಿಡ್ಕಂಬುಟ್ಟಿದ್ವು. ಗೌಡ್ರಿಗೆ ಹೇಳ್ಳಿಲ್ಲ. ವಾರಾ ವಾರಾ ತಪ್ಪುಸ್ದೆ ಹಚ್ಚೀವ್ನಿ. ನಮ್ ಪಲ್ಪರಿಗೂ ಅಷ್ಟು ಚೆನ್ನಾಗಿ ಹಚ್ಚಿಲ್ಲ ನಾನು."

ಗುರು ಅವನ ಮುಖ ನೋಡಿ ನೆಲ ನೋಡಿದ. ಸುಮಿತ್ರಮ್ಮನ ಕೈ ಬಾಯಿಗೆ ಹೋಗಿತ್ತು. ಹೊಗಳಿಕೆಗೆ ಕಾಯುತ್ತಿದ್ದ ಲಕ್ಕಯ್ಯ ಒಬ್ಬರಾದ ಮೇಲೊಬ್ಬರ ಮುಖ ನೋಡಿದ. ಯಾರೂ ಅವನಿಗೆ ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ. ಪಾತ್ರೆಯ ನೀರು ತುಳುಕಿ ಅವನ ಪಾದದ ಮೇಲೆ ಬಿತ್ತು.

"ನಾನೇ ಹೇಳಿದ್ದೆ ಕಣಮ್ಮ ಅವ್ನಿಗೆ" ಅಂದರು ಸಣ್ಣ ಗೌಡರು, ಗೋಡೆಯ ಕಡೆ ನೋಡುತ್ತ. "ಎಣ್ಣೆ ಹಚ್ಚು ಅಂತ ನಾನೇ ಹೇಳಿ ಮರ್ತಿದ್ದೆ. ಗುರು, ನೀನಿನ್ನು ಹೊರ್ಡು. ಇಲ್ಲಿಗ್ ಬಿಡ್ರಿ ಇದನ್ನ."

ಅವತ್ತಿನಿಂದ ಲಕ್ಕಯ್ಯನಿಗೆ ಲೋಕವೆಲ್ಲ ಬಿಲ್ಲೆಗಳೇ. ಆನೇಮಹಲಿನ ಅಂಗಡಿ ಮುಂದೆ ನಿಲ್ಲಿಸಿದ ಬೈಕುಗಳ ಮುಂದಿನ ಚಕ್ರದಲ್ಲಿ ಬಿಲ್ಲೆ. ಪಿಕಪ್ಪಿನ ಡ್ರೈವರ್ ರವಿಯ ಬೈಕಿನಲ್ಲಿ ಬಿಲ್ಲೆ. ದಿನವೂ ಕಣ್ಣೆದುರಿಗಿದ್ದದ್ದು ಒಂದು ಸಲವೂ ಕಂಡಿರಲಿಲ್ಲವಲ್ಲ. ರವಿಯನ್ನು ಕೇಳಿದ್ದರೆ ಸಾಕಿತ್ತು, ಒಂದು ಮಾತು. ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಅಷ್ಟು ಪ್ರೀತಿಯಿಂದ ಮಾಡಿದ್ದ. ಊಟ ಸೇರದಾಯಿತು. ಪಲ್ಪರಿನ ಎಣ್ಣೆಯ ವಾಸನೆ ಬಂದರೆ ವಾಂತಿ ಬರುವ ಹಾಗಾಗುತ್ತಿತ್ತು, ಪಲ್ಪರಿನ ಕೆಲಸವನ್ನು ರವಿಗೆ ಬಿಟ್ಟುಕೊಟ್ಟ.

ಎಲ್ಲಕ್ಕಿಂತ ಕಷ್ಟವಾದದ್ದು ಗೌಡರು ಬೈಯದೇ ಇದ್ದದ್ದು. ಮಗ್ಗುಲು ಬದಲಿಸುವಾಗ ನೋವಾದರೆ ಮುಖ ಕಿವುಚುತ್ತಿದ್ದರು, ಬೈಯುತ್ತಿರಲಿಲ್ಲ. "ನೀರು", "ದಿಂಬು", "ಸಾಕು", ಇಷ್ಟೇ ಮಾತು. ಮೊದಲಿನ ಗೌಡರ ಹಾಗೆ, ಕಾರು ಬರುವುದಕ್ಕಿಂತ ಮುಂಚಿನ ಗೌಡರ ಹಾಗೆ. ಸುಮಿತ್ರಮ್ಮ ಮಗನ ಸುಳ್ಳನ್ನು ನಂಬಿದರೋ ಇಲ್ಲವೋ, ಲಕ್ಕಯ್ಯ ಒಳಗೆ ಬಂದರೆ ಎದ್ದು ಹೋಗುತ್ತಿದ್ದರು. ಹಟ್ಟಿಯ ನಾಯಿಗಾದರೂ ಹಚಾ ಅನ್ನುತ್ತಾರೆ, ತನಗೆ ಅಷ್ಟೂ ಇಲ್ಲವಲ್ಲ ಅಂತ ಅವನಿಗೆ ಅನ್ನಿಸುತ್ತಿತ್ತು.

"ಹಿಂಗೇ ಇದ್ರೆ ನೀನ್ ಸತ್ತೋಗ್ತೀಯ" ಅಂದಳು ಚೌಡಮ್ಮ. ಈಗ ಅವಳು ನಗುತ್ತಿರಲಿಲ್ಲ. "ಆಲೂರಲ್ಲಿ ನನ್ ತಮ್ಮ ಸಿದ್ದು ಅವ್ನೆ. ಅವ್ನ ಹೊಲ್ದಲ್ಲೇ ಮಾಡ್ಕಂಡ್ ತಿನ್ನಾಣ. ಈ ಮನೆ ಋಣ ತೀರ್ತು ನಮ್ಗೆ. ಹೇಳ್ಬುಟ್ಟು ಬಾ."

ಒಂದು ಮಧ್ಯಾಹ್ನ ಗಂಟುಮೂಟೆ ಕಟ್ಟಿ ಆಟೋ ಕರೆಸಿದಳು. ಲಕ್ಕಯ್ಯ ಜಗಲಿಗೆ ಬಂದು ಮಂಚದ ಪಕ್ಕ ನಿಂತ. ಗೌಡರ ಮಗ್ಗುಲು ಬದಲಿಸಿ, ಕಾಲಿನ ಮೇಲೆ ಕಂಬಳಿ ಸರಿಮಾಡಿ, ಹೇಳಲು ಬಂದದ್ದನ್ನು ಹೇಳಿದ.

"ಹೋಗಕ್ ಮುಂಚೆ ಒಂದ್ಸಲ ಬೈದ್ಬುಡಿ ಗೌಡ್ರೇ. ಕಾಲಲ್ಲಿರೋ ಚಪ್ಲಿ ತಕ್ಕೊಂಡು ಹೊಡೀರಿ" ಅಂದ. ಅಂದ ಮೇಲೆ ನಾಲಗೆ ಕಚ್ಚಿಕೊಂಡ.

ಗೌಡರ ತುಟಿಯ ಮೇಲೆ ನಗು ಬಂದು ಹೋಯಿತು. "ಬೈಬೇಕಾ ನಿಂಗೆ? ಬೈದ್ರೆ ಹಗೂರಾಗ್ತೀಯ. ಹಗೂರಾಗಿ ಆಲೂರಿಗೆ ಹೋಗ್ತೀಯ. ಅಲ್ವಾ?"

ಲಕ್ಕಯ್ಯ ಸರಿಮಾಡಿದ್ದ ಕಂಬಳಿಯನ್ನೇ ಮತ್ತೆ ಸರಿಮಾಡತೊಡಗಿದ.

"ಕೇಳು ಇಲ್ಲಿ. ಅವತ್ತು ಬ್ರೇಕ್ ಹಿಡೀಲಿಲ್ಲ ಅಂತ ನಂಗೆ ಅರ್ಧ ದಾರೀಲೇ ಗೊತ್ತಾಯ್ತು. ಗಾಬ್ರಿ ಆಗ್ಲಿಲ್ಲ. ಎಡಕ್ಕೆ ಸಿಪ್ಪೆ ಗುಡ್ಡೆ ಐತಲ್ಲ, ಮೆತ್ತಗೈತೆ, ಅದಕ್ಕೆ ನುಗ್ಸಿದ್ರೆ ನಿಲ್ತದೆ ಅನ್ಕಂಡೆ. ಸ್ಟೇರಿಂಗ್ ತಿರುಗ್ಸಕ್ಕೇ ಹೋದೆ. ಗುಡ್ಡೆ ಮುಂದೆ ನೀನ್ ನಿಂತಿದ್ದೆ."

ಕೆಳಗೆ ಆಟೋದವನು ಹಾರ್ನ್ ಹೊಡೆದ.

"ಟವೆಲ್ ಹಿಡ್ಕಂಡು ನಗ್ತಾ ನಿಂತಿದ್ದೆ. ಪಕ್ಕಕ್ ಸರ್ಕೊಳೋ ಅಂತ ಕೂಗ್ದೆ, ನಿಂಗ್ ಕೇಳ್ಳಿಲ್ಲ. ಅದಕ್ಕೇ ನೆಟ್ಟಗೆ ಹೋದೆ ರೋಡಿಗೆ." ಅವರ ದನಿ ಏರಿತ್ತು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವರು ಲಕ್ಕಯ್ಯನ ಮುಖವನ್ನೇ ನೋಡಿ ಮಾತಾಡುತ್ತಿದ್ದರು. "ಇದನ್ನ ಸಾಯೋತನ್ಕ ಹೇಳ್ಬಾರ್ದು ಅಂತಿದ್ದೆ ನಾನು. ನೀನ್ ಹೇಳುಸ್ಬುಟ್ಟೆ. ಈಗ ಹೋಗೋದಾದ್ರೆ ಹೋಗು."

ಹೇಳಿ ಸುಸ್ತಾಗಿ ದಿಂಬಿಗೊರಗಿ ಕಣ್ಣು ಮುಚ್ಚಿದರು. ಕೆಳಗಿನಿಂದ ಚೌಡಮ್ಮ ಕರೆಯುವುದು ಕೇಳಿಸಿತು. ಲಕ್ಕಯ್ಯ ಮಂಚದ ಕಾಲುದೆಸೆಯಲ್ಲಿ ಕುಸಿದು ಕೂತು, ಕಂಬಳಿಯೊಳಗೆ ಕೈ ತೂರಿಸಿ, ಗೌಡರ ಎರಡೂ ಪಾದಗಳನ್ನು ಬಲವಾಗಿ ಹಿಡಿದುಕೊಂಡ. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಕಣ್ಣು ಮುಚ್ಚಿದ್ದ ಗೌಡರಿಗೆ ಅದು ಗೊತ್ತಾಗಲಿಲ್ಲ. ಅವನು ಹೊರಟು ಹೋದ ಅಂತಲೇ ಅವರು ತಿಳಿದುಕೊಂಡಿದ್ದರು.